ಕೌದಿಗೆ ಆಗದ ಬಟ್ಟೆಗಳು

ನಮ್ಮ ಕಡೆಯ ಮನೆಗಳಲ್ಲಿ ಬಟ್ಟೆಗೆ ನಿವೃತ್ತಿ ಇಲ್ಲ, ಹಿಂಬಡ್ತಿ ಮಾತ್ರ ಇದೆ. ಮದುವೆಮನೆಗೆ ಉಟ್ಟುಕೊಂಡು ಹೋಗುತ್ತಿದ್ದ ಸೀರೆ ಕೆಲವು ವರ್ಷಕ್ಕೆ ಸಂತೆಗೆ ಹೋಗುವ ಸೀರೆಯಾಗುತ್ತದೆ, ಆಮೇಲೆ ಮನೆಯೊಳಗೆ ಉಡುವ ಸೀರೆ, ಆಮೇಲೆ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವ ಹಾಸು. ಧೋತರದ ದಾರಿ ಬೇರೆ. ಅದು ಸವೆದು ತೆಳ್ಳಗಾದಷ್ಟೂ ಅಡುಗೆಮನೆಯಲ್ಲಿ ಬೇಡಿಕೆ ಹೆಚ್ಚು. ಶ್ರೀಖಂಡಕ್ಕೆ ಮೊಸರು ಕಟ್ಟಿ ತೂಗುಹಾಕಲು ಹಳೆಯ ಧೋತರದಂಥ ಅರಿವೆ ಇನ್ನೊಂದಿಲ್ಲ. ಎಲ್ಲ ಮುಗಿದ ಮೇಲೂ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಅರಿವೆಯ ಹುದ್ದೆ ಖಾಲಿ ಇದ್ದೇ ಇರುತ್ತದೆ. ಈ ಇಳಿಜಾರಿನ ನಡುವೆ ಎಲ್ಲೋ ಒಂದು ಕಡೆ, ಉಡಲು ಆಗದ ಆದರೆ ಜಗ್ಗಿದರೆ ಇನ್ನೂ ಹರಿಯದ ಹದದಲ್ಲಿ ಅದನ್ನು ಹಿಡಿದು ಕೌದಿಗೆ ಹಾಕಬೇಕು. ಒಂದೆರಡು ವರ್ಷ ಮೊದಲಾದರೆ ಬಟ್ಟೆ ಬಿರುಸು. ತಡವಾದರೆ ಸೂಜಿ ಚುಚ್ಚಿದಲ್ಲೆಲ್ಲ ಹಿಸಿಯುತ್ತದೆ. ಈ ಹದ ಅಂತ ಒಂದು ಇದೆ ಎಂಬುದೇ ನನಗೆ ತಿಳಿದದ್ದು ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ, ಧಾರವಾಡದ ನಮ್ಮ ಮನೆಯ ತಿಜೋರಿಯ ಬಾಗಿಲು ಮುಚ್ಚದಂತಾದಾಗ.

ಮೊಣಕಾಲು ಕೊಟ್ಟು ಒತ್ತಿದರೂ ಅದು ಮುಚ್ಚುತ್ತಿರಲಿಲ್ಲ. ಯಾರಿಗಾದರೂ ಕೊಟ್ಟುಬಿಡೋಣ ಎಂದರೆ, ಕೊಡಬಹುದಾದ್ದನ್ನೆಲ್ಲ ನನ್ನ ಹೆಂಡತಿ ಆಗಲೇ ಕೊಟ್ಟಾಗಿತ್ತು. ಉಳಿದದ್ದು ಯಾರೂ ತೊಡಲಾರದ, ಎಸೆಯಲು ಮಾತ್ರ ಮನಸ್ಸು ಬಾರದ ಗುಡ್ಡೆ. ಕೌದಿ ಹೊಲಿಯುತ್ತೇನೆ ಎಂದೆ.

“ಅಲ್ರೀ, ನಿಮಗ ಅಂಗಿ ಗುಂಡಿ ಹಚ್ಚಾಕ ಬರಂಗಿಲ್ಲ, ಕೌದಿ ಹೊಲಿತೀರೇನು?” ಎಂದಳು ಹೆಂಡತಿ. ಅದೇ ದಿನ ಸಂಜೆ ಫೋನಿನಲ್ಲಿ ನವಲಗುಂದದ ನಮ್ಮ ಅಕ್ಕನಿಗೂ ಸುದ್ದಿ ಮುಟ್ಟಿಸಿದಳು. ಶ್ರಾವಣಕ್ಕೆ ತವರಿಗೆ ಬರಬೇಕಾಗಿದ್ದ ಅಕ್ಕ ಆಷಾಢದಲ್ಲೇ ಬಂದಿಳಿದಳು. ತಮ್ಮ ಸೂಜಿ ಹಿಡಿದದ್ದನ್ನು ಕಣ್ಣಾರೆ ನೋಡದೆ ಅವಳಿಗೆ ಅಷ್ಟು ದಿನ ತಡೆಯುವುದು ಸಾಧ್ಯವಿರಲಿಲ್ಲ.

ಇದರಲ್ಲಿ ನಗುವಂಥದ್ದೇನು ಎಂದು ನಾನು ಕೇಳಿದ್ದುಂಟು. ಊರಲ್ಲಿ ದರ್ಜಿಗಳೆಲ್ಲ ಗಂಡಸರೇ. ಅಂಗಿ, ಜುಬ್ಬಾ, ಕಡೆಗೆ ಕುಪ್ಪಸವನ್ನೂ ಗಂಡಸರು ಹೊಲಿದರೆ ಯಾರೂ ನಗುವುದಿಲ್ಲ. ಅಂಗಡಿಯ ಸೂಜಿ ಗಂಡಸರದು, ಮನೆಯ ಸೂಜಿ ಹೆಂಗಸರದು, ಅಷ್ಟೇ. ಕೌದಿಯನ್ನು ಕೂಲಿಗೆ ಹೊಲಿಯುವ ಹೆಂಗಸರೂ ಇದ್ದರು. ಸುಗ್ಗಿ ಮುಗಿದ ಮೇಲೆ ಊರಿಂದೂರಿಗೆ ಬಂದು ಗುಡಿಯ ಕಟ್ಟೆಯ ಮೇಲೋ ಯಾರದೋ ಪಡಸಾಲೆಯಲ್ಲೋ ಕೂತು, ನಾಲ್ಕು ಮಂದಿ ನಾಲ್ಕು ಮೂಲೆ ಹಿಡಿದು ಹೊಲಿದು ಕೊಟ್ಟು, ಜೋಳವನ್ನೋ ರೊಕ್ಕವನ್ನೋ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಆದರೆ ಅವರನ್ನು ಯಾರೂ ದರ್ಜಿ ಎಂದು ಕರೆದದ್ದನ್ನು ನಾನು ಕೇಳಿಲ್ಲ.

ಅಕ್ಕ ಮೊದಲು ಮಾಡಿದ ಕೆಲಸ ಗುಡ್ಡೆಯನ್ನು ಪಡಸಾಲೆಯಲ್ಲಿ ಸುರುವಿ ಎರಡು ಪಾಲು ಮಾಡಿದ್ದು. ನಾನು ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದೆ: ನಟ್ಟನಡುವೆ ನಮ್ಮ ಮದುವೆಯ ರೇಷ್ಮೆ ಸೀರೆ, ಅದರ ಸುತ್ತ ನಾನು ಪ್ರೊಬೇಷನರಿ ಆಫೀಸರ್ ಆದಾಗ ಹೊಲಿಸಿದ ಸಫಾರಿ, ಮಕ್ಕಳ ಓಟದ ಸ್ಪರ್ಧೆಯ ಟೀ ಶರ್ಟುಗಳು, ಮಗನ ಮೊದಲ ಜೀನ್ಸ್. ಮನೆತನದ ಚರಿತ್ರೆಯೇ ಒಂದು ಹೊದಿಕೆಯಲ್ಲಿ ಬರಬೇಕು ಎಂದು ನನ್ನ ಆಸೆ. ಅಕ್ಕ ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿದು, ಎರಡೂ ಹೆಬ್ಬೆರಳಿನಿಂದ ಒಮ್ಮೆ ಜಗ್ಗಿ, ಬಲಕ್ಕೋ ಎಡಕ್ಕೋ ಒಗೆಯುತ್ತ ಹೋದಳು. ನನ್ನ ಪಟ್ಟಿಯಲ್ಲಿದ್ದದ್ದೆಲ್ಲ ಎಡಕ್ಕೆ ಬಿತ್ತು.

ರೇಷ್ಮೆ ಸೀರೆಗೆ ಜಗ್ಗುವ ಅಗತ್ಯವೂ ಬೀಳಲಿಲ್ಲ. ಮಡಿಕೆ ಬಿಚ್ಚುವಾಗಲೇ ಅದು ಮಡಿಕೆಯ ಗೆರೆಗುಂಟ ಸೀಳಿತು. ರೇಷ್ಮೆಯ ಸ್ವಭಾವವೇ ಹಾಗೆ. ವರ್ಷಗಟ್ಟಲೆ ಒಂದೇ ಕಡೆ ಮಡಚಿಟ್ಟರೆ ಎಳೆ ಅಲ್ಲೇ ಮುರಿಯುತ್ತದೆ, ಜರಿ ಇದ್ದರಂತೂ ಲೋಹದ ಎಳೆ ಪಕ್ಕದ ರೇಷ್ಮೆಯನ್ನು ಕೊಯ್ಯುತ್ತ ಹೋಗುತ್ತದೆ. ತಿಳಿದವರು ಆಗಾಗ ಹೊರಗೆ ತೆಗೆದು ಮಡಿಕೆ ಬದಲಿಸುತ್ತಾರೆ.

“ಉಟ್ಟರ ಹರದೀತು ಅಂತ ಇಟ್ಟಿದ್ದೆ,” ಎಂದಳು ನನ್ನ ಹೆಂಡತಿ.

“ಉಟ್ಟು ಹರದಿದ್ರ ನಾಕು ಮಂದಿಯರ ನೋಡತಿದ್ರು,” ಎಂದಳು ಅಕ್ಕ.

ಸಫಾರಿಯ ಕಥೆ ಇದಕ್ಕೆ ತೀರ ತಿರುಗಾಮುರುಗಾ. ಟೆರಿಕಾಟಿನದು. ಮೂರು ದಶಕ ಕಳೆದರೂ ಬಣ್ಣ ಬಿಟ್ಟಿಲ್ಲ, ನೂಲು ಕಿತ್ತಿಲ್ಲ, ನನ್ನ ಹೊಟ್ಟೆ ಒಂದು ಒಪ್ಪಿದ್ದರೆ ನಾಳೆಯೇ ತೊಟ್ಟುಕೊಂಡು ಶಾಖೆಗೆ ಹೋಗಬಹುದಿತ್ತು. ಅಕ್ಕನ ದೃಷ್ಟಿಯಲ್ಲಿ ಅದೇ ಅದರ ಅವಗುಣ. ಸವೆಯದ ಬಟ್ಟೆ ಮೆತ್ತಗಾಗುವುದಿಲ್ಲ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಮೈಗೆ ಹತ್ತಿದರೆ ಜಾರುತ್ತದೆ, ಒಳಗೆ ಪದರವಾಗಿ ಹಾಕಿದರೆ ಮೇಲಿನ ಹತ್ತಿ ಬಟ್ಟೆಯನ್ನೂ ಜಾರಿಸುತ್ತದೆ. ಟೀ ಶರ್ಟುಗಳನ್ನು “ಇವು ಬನಿಯನ್ ಜಾತಿ” ಎಂದು ಒಂದೇ ಮಾತಿನಲ್ಲಿ ಹೊರಗಿಟ್ಟಳು. ಜಾತಿ ವಿಷಯದಲ್ಲಿ ಅವಳು ಹೇಳಿದ್ದು ಸರಿಯೇ. ಅದು ಹೆಣೆದ ಬಟ್ಟೆ, ನೇಯ್ದದ್ದಲ್ಲ. ಹಾಸೂ ಇಲ್ಲ ಹೊಕ್ಕೂ ಇಲ್ಲ, ಎಳೆದತ್ತ ಹಿಗ್ಗುತ್ತದೆ. ನೇಯ್ದ ಬಟ್ಟೆಯ ಪಕ್ಕ ಕೂರಿಸಿ ಹೊಲಿದರೆ ಒಂದೆರಡು ಸಲ ಒಗೆಯುವಷ್ಟರಲ್ಲಿ ಜೋಲುತ್ತದೆ. ಜೀನ್ಸ್ ಮಾತ್ರ ಸ್ವಲ್ಪ ವಾದಕ್ಕೆ ಕಾರಣವಾಯಿತು. ಹತ್ತಿಯೇ ಹೌದು, ಸವೆದದ್ದೂ ಹೌದು, ಆದರೆ ಅದರ ಹೊಲಿಗೆಗಳು ಕೂಡುವ ಕಡೆ ಅಷ್ಟು ದಪ್ಪ ಪದರ ಬೀಳುತ್ತದೆ, ಅಲ್ಲಿ ಸೂಜಿ ಮುರಿಯುತ್ತದೆ. ಕೊನೆಗೆ ರಾಜಿಯಾಗಿ ಅದರ ಹಿಂದಿನ ಕಿಸೆಯೊಂದನ್ನು ಬಿಚ್ಚಿಟ್ಟುಕೊಂಡೆವು. ಈಗ ಅದು ಕೌದಿಯ ತಲೆಕಡೆ, ನನ್ನ ಎಡಗೈಗೆ ಸಿಗುವ ಹಾಗೆ ಕೂತಿದೆ. ಚಾಳೀಸು ಅದರಲ್ಲೇ ಇಟ್ಟು ಮಲಗುತ್ತೇನೆ.

ಬಲಕ್ಕೆ ಬಿದ್ದ ಗುಡ್ಡೆ ನೋಡಿ ನನಗೆ ನಿರಾಸೆಯೇ ಆಯಿತು. ಹೆಂಡತಿ ನಸುಕಿನಲ್ಲಿ ಅಂಗಳ ಗುಡಿಸುವಾಗ ಉಡುತ್ತಿದ್ದ ವಾಯಲ್ ಸೀರೆಗಳು. ನನ್ನ ಲುಂಗಿಗಳು. ಅಪ್ಪನ ಎರಡು ಧೋತರ. ತಲೆದಿಂಬಿನ ಚೀಲ. ಮಕ್ಕಳ ಸಾಲೆಯ ಬಿಳಿ ಅಂಗಿ, ಕಾಲರಿನ ಒಳಗೆ ಎಂದೂ ಹೋಗದ ಕೊಳೆಯ ಗೆರೆಯ ಸಮೇತ. ಗುಳೇದಗುಡ್ಡದ ಖಣದ ಕುಪ್ಪಸಗಳು, ಕಂಕುಳಲ್ಲಿ ಬಣ್ಣ ಹೋದವು. ಅವ್ವನ ಎರಡು ಇಳಕಲ್ ಸೀರೆ. ಒಂದರಲ್ಲೂ ಒಂದು ಹಬ್ಬವಿಲ್ಲ, ಫೋಟೋದಲ್ಲಿ ಬಂದ ಬಟ್ಟೆ ಒಂದೂ ಇಲ್ಲ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಇರುವುದೆಲ್ಲ ಎಡಗಡೆ ಗುಡ್ಡೆಯ ಬಟ್ಟೆ. ನಾವು ನಿಜವಾಗಿ ಬದುಕಿದ್ದು ಬಲಗಡೆಯ ಗುಡ್ಡೆಯಲ್ಲಿ.

ಅವ್ವನ ಇಳಕಲ್ ಸೀರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದರ ಒಡಲು ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹತ್ತಿ ಹಾಸಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು ಬಿಳಿಯ ಟೋಪ ತೆನಿ ಸೆರಗು ಹುಟ್ಟುವುದು ಆ ಕೂಡಿಕೆಯ ಆಚೆ. ಎರಡು ಬಗೆಯ ನೂಲು ಒಂದೇ ಸೀರೆಯಲ್ಲಿ ಇದ್ದರೆ ಎರಡೂ ಒಟ್ಟಿಗೆ ಮುದಿಯಾಗುವುದಿಲ್ಲ. ದಿನವೂ ಉಟ್ಟು, ಒಗೆದು, ಬಿಸಿಲಿಗೆ ಹಾಕಿದ ಒಡಲು ಮೊದಲು ತೆಳ್ಳಗಾಯಿತು. ದಡಿ ಇನ್ನೂ ಗಟ್ಟಿ. ಅಕ್ಕ ದಡಿಯನ್ನು ಉದ್ದಕ್ಕೆ ಬೇರೆ ಮಾಡಿ, ಕೌದಿಯ ನಾಲ್ಕೂ ಅಂಚಿಗೆ ಎಂದು ಸುತ್ತಿಟ್ಟಳು. ಕೌದಿ ಮೊದಲು ಹರಿಯುವುದು ಅಂಚಿನಲ್ಲೇ, ಹೊದೆಯುವವರ ಕೈ ಹಿಡಿದೆಳೆಯುವ ಕಡೆ. ಒಡಲಿನ ಬಟ್ಟೆ ಒಳಪದರಕ್ಕೆ ಹೋಯಿತು. ಅವ್ವನ ಸೆರಗನ್ನು ಮೇಲೆ ಕಾಣುವಂತೆ ಹಾಕೋಣ ಎಂದೆ. “ಹಾಕು, ಆದರ ಕಾಲಕಡೆ ಬ್ಯಾಡ,” ಎಂದಳು ಅಕ್ಕ. ಅವಳು ಇಡೀ ಕೆಲಸದಲ್ಲಿ ಅವ್ವನ ಬಗ್ಗೆ ಆಡಿದ ಮಾತು ಇದೊಂದೇ.

ನಾನು ಸ್ಕೇಲು, ಕತ್ತರಿ, ಸೀಮೆಸುಣ್ಣ ಇಟ್ಟುಕೊಂಡು ಚೌಕ ಗುರುತು ಹಾಕುತ್ತಿದ್ದರೆ ಅಕ್ಕ ನೋಡಿ, “ಕೌದಿ ಹೊಲಿತೀಯೋ, ನೆಲದ ನಕಾಶೆ ತಗೀತೀಯೋ?” ಎಂದಳು. ಆಮೇಲೆ ಬಟ್ಟೆಯ ಅಂಚಿಗೆ ಹಲ್ಲಿನಿಂದ ಒಂದು ಕಚ್ಚು ಕೊಟ್ಟು ಎರಡೂ ಕೈಯಿಂದ ಪರ್ರನೆ ಹರಿದಳು. ಅದು ಸ್ಕೇಲಿಗಿಂತ ನೇರವಾಗಿ ಬಂತು. ನೇಯ್ದ ಬಟ್ಟೆ ಹರಿಯುವಾಗ ಒಂದೇ ಎಳೆಯ ಗುಂಟ ಹೋಗುತ್ತದೆ, ಅತ್ತಿತ್ತ ಹೊರಳುವುದಿಲ್ಲ. ಮಗ್ಗದಲ್ಲಿ ಹಾಕಿದ ಗೆರೆಯೇ ಅದಕ್ಕೆ ದಾರಿ. ಕತ್ತರಿ ಹಾಗಲ್ಲ, ನಮ್ಮ ಕೈ ನಡುಗಿದತ್ತ ಹೋಗುತ್ತದೆ.

ಆದರೂ ಹರಿಯುವುದು ಸುಲಭದ ಕೆಲಸವಲ್ಲ. ಇಡಿಯಾಗಿದ್ದ ಬಟ್ಟೆಗೆ ಏನೋ ಒಂದು ಬೆಲೆ ಇರುತ್ತದೆ. ಹರಿದ ಕ್ಷಣ ಅದು ಹೋಗುತ್ತದೆ, ಮತ್ತೆ ಬರುವುದಿಲ್ಲ. ಬೌದ್ಧ ಭಿಕ್ಷುಗಳ ಚೀವರದ ಹಿಂದೆ ಇದೇ ಲೆಕ್ಕಾಚಾರ ಇದೆ. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಹಾಗೆಯೇ ಬಟ್ಟೆಯ ತುಂಡು ಕೂಡಿಸಲು ಆಗುತ್ತದೆಯೇ ಎಂದು ಬುದ್ಧ ಆನಂದನನ್ನು ಕೇಳಿದ, ಆನಂದ ಹಾಗೆ ಹೊಲಿದು ತೋರಿಸಿದ ಎಂದು ವಿನಯಪಿಟಕ ಹೇಳುತ್ತದೆ. ತುಂಡು ಮಾಡಿದ ಬಟ್ಟೆಯನ್ನು ಕದಿಯಲು ಯಾರಿಗೂ ಆಸೆಯಾಗದು ಎಂಬ ಕಾರಣವೂ ಅಲ್ಲಿದೆ. ಬ್ಯಾಂಕಿನವನಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಾರುಕಟ್ಟೆಯಿಂದ ಒಂದು ವಸ್ತುವನ್ನು ಶಾಶ್ವತವಾಗಿ ಹೊರಗೆ ತರುವ ಉಪಾಯ ಅದು.

ಮಾರುಕಟ್ಟೆ ಎಂದಾಗ ಪಾತ್ರೆಯವಳ ವಿಷಯ ಹೇಳಲೇಬೇಕು. ನಮ್ಮ ಬಾಲ್ಯದಲ್ಲಿ ಒಂದೊಂದು ಮನೆಯಲ್ಲೂ ಕೌದಿಗಳ ಒಟ್ಟು ಇರುತ್ತಿತ್ತು. ಅದು ಕರಗಿದ್ದು ಬ್ಲಾಂಕೆಟ್ಟಿನಿಂದ ಎಂದು ಎಲ್ಲರೂ ಅನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ಅದು ಕರಗಿದ್ದು ಸ್ಟೀಲಿನಿಂದ. ಬುಟ್ಟಿ ತುಂಬ ಹೊಳೆಯುವ ಪಾತ್ರೆ ಹೊತ್ತು ಓಣಿಗೆ ಬರುತ್ತಿದ್ದ ಆ ಹೆಂಗಸು ಹಳೆಯ ಬಟ್ಟೆ ತೆಗೆದುಕೊಂಡು ಡಬ್ಬಿ, ತಂಬಿಗೆ, ಪರಾತ ಕೊಡುತ್ತಿದ್ದಳು. ಕಟ್ಟೆಯ ಮೇಲೆ ಕೂತು ಪ್ರತಿ ಸೀರೆಯನ್ನೂ ಬಿಸಿಲಿಗೆ ಹಿಡಿದು ನೋಡಿ, ತೂತು ಹುಡುಕಿ, ಇನ್ನೊಂದು ಪ್ಯಾಂಟು ಹಾಕ್ರೀ ಅನ್ನುತ್ತಿದ್ದಳು. ಅವ್ವ ಇನ್ನೊಂದು ಹಾಕುತ್ತಿದ್ದಳು. ಕೌದಿಗೆ ಆಗುವ ಹದಕ್ಕೆ ಬರುವ ಮೊದಲೇ ಬಟ್ಟೆಗಳು ಓಣಿ ದಾಟಿ ಹೋದವು. ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಇಂದಿಗೂ ಇರುವ ದೊಡ್ಡ ಪರಾತ ಅಪ್ಪನ ಎರಡು ಕೋಟು ಮತ್ತು ಅಕ್ಕನ ಸಾಲೆಯ ಲಂಗ. ಅದರಲ್ಲೇ ರೊಟ್ಟಿಯ ಹಿಟ್ಟು ನಾದುತ್ತಾರೆ. ಪರಾತ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಜೋಳದ ಹಿಟ್ಟಿಗೆ ಅದರಷ್ಟು ಅನುಕೂಲದ್ದು ಇಲ್ಲ.

ಇನ್ನು ಹೊಲಿಗೆ. ಆರು ವಾರೆಯ ಸೀರೆ ಐದೂವರೆ ಮೀಟರಿನ ಆಸುಪಾಸು ಇರುತ್ತದೆ. ನಡುವೆ ಹರಿದು ಎರಡು ತುಂಡನ್ನು ಪಕ್ಕಪಕ್ಕ ಕೂಡಿಸಿದರೆ ಏಳೂವರೆ ಅಡಿ ಅಗಲ, ಒಂಬತ್ತು ಅಡಿ ಉದ್ದದ ತಳ ಸಿದ್ಧ. ಇಬ್ಬರು ಮಲಗುವ ಮಂಚಕ್ಕೆ ಎರಡೂ ಕಡೆ ಇಳಿಬೀಳುವಷ್ಟು. ಎಲ್ಲ ಬಟ್ಟೆಯನ್ನೂ ಮೊದಲೇ ಒಗೆದು ಗಂಜಿ ಪೂರ್ತಿ ತೆಗೆದಿರಬೇಕು, ಇಲ್ಲವಾದರೆ ಗಂಜಿಯ ರುಚಿಗೆ ಜಿರಲೆ ಬಂದು ಒಳಗಿನ ಪದರ ತಿನ್ನುತ್ತವೆ. ತಳದ ಮೇಲೆ ಒಳಪದರ, ಅದರ ಮೇಲೆ ತುಂಡುಗಳು. ಬೆಚ್ಚಗಿಡುವುದು ಬಟ್ಟೆಯಲ್ಲ, ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಹಾಗಾಗಿ ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಸೀರೆ ಮೇಲು. ಸಾಲುಹೊಲಿಗೆ ಹಾಕುವುದೂ ಇದಕ್ಕೇ; ಬೆರಳಗಲ ಬಿಟ್ಟು ಬಿಟ್ಟು ಸಾಲು ಹೊಲಿದರೆ ಪದರಗಳು ಒಂದಕ್ಕೊಂದು ಅಂಟಿಯೂ ಅಂಟದಂತೆ ನಿಲ್ಲುತ್ತವೆ.

ಎಲ್ಲಿಂದ ಶುರು ಮಾಡಬೇಕು ಎಂಬಲ್ಲಿ ಅಕ್ಕನಿಗೂ ನನ್ನ ಯೂಟ್ಯೂಬಿಗೂ ಜಗಳವಾಯಿತು. ಅಲ್ಲಿ ಅಮೆರಿಕದ ಹೆಂಗಸರು ಮೊದಲು ಮೇಲಿನ ತುಂಡುಗಳನ್ನೆಲ್ಲ ಕೂಡಿಸಿ ಒಂದು ಹಾಳೆ ಮಾಡಿಕೊಂಡು, ನಡುವೆ ಅರಳೆಯ ಪದರ ಇಟ್ಟು, ಮೂರನ್ನೂ ಪಿನ್ನು ಚುಚ್ಚಿ, ನಟ್ಟನಡುವಿನಿಂದ ಹೊರಕ್ಕೆ ಹೊಲಿಯುತ್ತ ಬರುತ್ತಾರೆ. ಬಟ್ಟೆಯಲ್ಲಿ ಸುಕ್ಕು ಬಿದ್ದರೆ ಅದು ಅಂಚಿಗೆ ತಳ್ಳಿಕೊಂಡು ಹೋಗಿ ಹೊರಬೀಳಲಿ ಎಂದು. ಅಕ್ಕ ಒಂದು ಮೂಲೆ ಹಿಡಿದು ಅಂಚಿಗುಂಟ ಸುತ್ತು ಹಾಕುತ್ತ ಒಳಗೆ ಬರುವವಳು. ತುಂಡು ಇಡುವುದೂ ಹೊಲಿಯುವುದೂ ಒಟ್ಟಿಗೆ. ಸುಕ್ಕು ಬಂದರೆ ಮುಂದಿನ ತುಂಡಿನ ಕೆಳಗೆ ನುಂಗಿಹೋಗುತ್ತದೆ. ನಾನು ಇದನ್ನು ಅವಳ ಹಟ ಎಂದುಕೊಂಡಿದ್ದೆ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕೌದಿಗಳ ಬಗ್ಗೆ ಓದುವವರೆಗೆ. ಆಫ್ರಿಕಾದಿಂದ ಬಂದವರ ಸಂತತಿಯಾದ ಅವರೂ ಮೂಲೆಯಿಂದ ಹಿಡಿದು ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರ ಈ ಕೌದಿಗಳನ್ನು ಅಭ್ಯಾಸ ಮಾಡಿದರು, 2011ರಲ್ಲಿ ಅವು ನ್ಯೂಯಾರ್ಕಿನ ಷೋಮ್‌ಬರ್ಗ್ ಕೇಂದ್ರದ ಗೋಡೆಯ ಮೇಲೂ ಕಂಡವು. ನ್ಯೂಯಾರ್ಕಿನ ಮಾತು ಎತ್ತಿದ ಮೇಲೆ ನಾನು ಸುಮ್ಮನಾದೆ. ಅಕ್ಕನಿಗೆ ನ್ಯೂಯಾರ್ಕಿನ ಬಲ ಬೇಕಾಗಿರಲಿಲ್ಲ. ಅವಳು ಆಗಲೇ ಎರಡು ಸುತ್ತು ಮುಗಿಸಿದ್ದಳು.

ಮಳೆಗಾಲದುದ್ದಕ್ಕೂ ಹೊಲಿದೆ. ಧಾರವಾಡದ ಜಿಟಿಜಿಟಿ ಮಳೆಗೆ ಹೊರಗೆ ಹೋಗುವಂತಿರಲಿಲ್ಲ, ಕೌದಿ ಕಾಲ ಮೇಲೆ ಇದ್ದರೆ ಛಳಿಯೂ ಆಗುತ್ತಿರಲಿಲ್ಲ. ಅರ್ಧ ಆದ ಕೌದಿಯನ್ನು ಹೊದ್ದುಕೊಂಡೇ ಉಳಿದರ್ಧ ಹೊಲಿಯುವ ಸುಖ ಬೇರೆ ಯಾವ ಕಸುಬಿನಲ್ಲೂ ಇರಲಾರದು. ನನ್ನ ಸಾಲುಗಳು ಮೊದಲ ಸುತ್ತಿನಲ್ಲಿ ಒಂದು ಗೇಣಿಗೆ ಎಷ್ಟೋ ಹೊಲಿಗೆ, ಆಮೇಲಿನ ಸುತ್ತಿನಲ್ಲಿ ಇನ್ನೆಷ್ಟೋ. ಓಣಿಯ ಹೆಂಗಸರು ಬಂದು ನೋಡಿ ಹೋದರು. ಇಬ್ಬರು ಕೂತು ತಲಾ ಒಂದು ಸಾಲು ಹಾಕಿಯೂ ಹೋದರು. ಅವರ ಸಾಲು ಯಾವುದು ಎಂದು ಈಗಲೂ ಗುರುತಿಸಬಹುದು, ನನ್ನದಕ್ಕಿಂತ ನೆಟ್ಟಗಿವೆ.

ಇತ್ತೀಚೆಗೆ ನೆನಪಿನ ಕೌದಿ ಎಂದು ಹೊಲಿದು ಮಾರುತ್ತಾರೆ. ತೀರಿಕೊಂಡವರ ಅಂಗಿ, ಮಗುವಿನ ಮೊದಲ ಜಬಲಾ ಕಳಿಸಿದರೆ ಚೆಂದದ ಚೌಕ ಮಾಡಿ ಕೊಡುತ್ತಾರೆ, ಗೋಡೆಗೆ ನೇತುಹಾಕಬಹುದು. ನನಗೇಕೋ ಅದು ಒಗ್ಗುವುದಿಲ್ಲ. ಹಳೆಯ ಕಾಲದ ಹೆಂಗಸರು ನೆನಪಿಗೆಂದು ಕೌದಿ ಹೊಲಿಯಲಿಲ್ಲ, ಛಳಿಗೆಂದು ಹೊಲಿದರು. ನೆನಪು ಅದರ ಜೊತೆಗೆ ಬಿಟ್ಟಿಯಾಗಿ ಬಂತು. ಹೀಗೆ ವಾದಿಸುತ್ತಿದ್ದವನನ್ನು ತಡೆದದ್ದು ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಮಿಸೌರಿ ಪೆಟ್‌ವೇ. ಗುಲಾಮರಾಗಿ ದುಡಿದ ಕಪ್ಪು ಜನರ ಸಂತತಿಯ ಊರು ಅದು. ಗಂಡ ಸತ್ತ ಮೇಲೆ, 1942ರಲ್ಲಿ, ಅವಳು ಅವನು ಹೊಲದಲ್ಲಿ ತೊಡುತ್ತಿದ್ದ ಪ್ಯಾಂಟು ಅಂಗಿಗಳನ್ನೆಲ್ಲ ಹರಿದು, ಅವನನ್ನು ನೆನೆಯಲೆಂದೇ ಕೌದಿ ಮಾಡಿದಳು. ಮೊಣಕಾಲು ಸವೆದ ಗುರುತು, ಕಿಸೆ ಬಿಚ್ಚಿದಲ್ಲಿ ಮಾಸದೆ ಉಳಿದ ನೀಲಿ ಬಣ್ಣ ಎಲ್ಲ ಅದರಲ್ಲಿ ಹಾಗೇ ಇದೆ. ಆ ಊರಿನ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಗೊಂಡವು. ನೆನಪಿಗೆಂದು ಹೊಲಿದದ್ದೇ ಹೌದು ಎಂದು ನಾನು ಒಪ್ಪಲೇಬೇಕು. ಆದರೆ ಒಂದು ಮಾತು: ಅವಳು ಹೊಲಿದದ್ದು ಗೋಡೆಗಲ್ಲ, ಅದರ ಕೆಳಗೆ ಮಲಗಲು. ಅವನ ಮದುವೆಯ ಕೋಟು ಅದರಲ್ಲಿ ಇಲ್ಲ. ದಿನವೂ ತೊಟ್ಟು ಮಣ್ಣಾದ ಬಟ್ಟೆಯೇ ಇದೆ. ನಮ್ಮ ಅಕ್ಕನೂ ಅದನ್ನು ಬಲಕ್ಕೇ ಒಗೆಯುತ್ತಿದ್ದಳು.

ಕಡೆಯ ತುಂಡು ಹಚ್ಚುವ ಮುಂಚೆ ಅಕ್ಕ ಅಡುಗೆಮನೆಗೆ ಹೋಗಿ ಒಣ ರೊಟ್ಟಿಯ ಚೂರೊಂದು ತಂದು ಒಳಗಿಟ್ಟು ಹೊಲಿಯಲು ಹೇಳಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಜಿರಲೆಯ ವಿಷಯ ನೀನೇ ಹೇಳಿದ್ದೆಯಲ್ಲ ಎಂದೆ. “ಆ ಮಾತು ಬ್ಯಾರೆ, ಈ ಮಾತು ಬ್ಯಾರೆ,” ಎಂದಳು. ರೊಟ್ಟಿ ಒಳಗೇ ಇದೆ.

ಕೌದಿ ಮುಗಿದ ಮೇಲೆ ಎತ್ತಿ ನೋಡಿದರೆ ಮೈಮೇಲೆ ಯಾರೋ ಕೈ ಚೆಲ್ಲಿ ಮಲಗಿದಷ್ಟು ಭಾರ. ತಿಜೋರಿಯ ಬಾಗಿಲು ಈಗ ಮುಚ್ಚುತ್ತದೆ, ಆದರೆ ಕೌದಿ ಇಡಲು ಅದರಲ್ಲಿ ಜಾಗ ಸಾಲುತ್ತಿಲ್ಲ. ಎಡಗಡೆಯ ಗುಡ್ಡೆ ಹಾಗೇ ಮತ್ತೆ ಒಳಗೆ ಹೋಗಿದೆಯಲ್ಲ. ರೇಷ್ಮೆ ಸೀರೆ ಸೀಳಿದ ಮಡಿಕೆಯ ಸಮೇತ, ಸಫಾರಿ ಅಮರತ್ವದ ಸಮೇತ.

ಈಗ ಉಳಿದಿರುವ ಸಮಸ್ಯೆ ಒಗೆಯುವುದು. ನಮ್ಮಲ್ಲಿ ಮಹಾನವಮಿಯ ಘಟ ಹಾಕುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಹಸನಾಗಬೇಕು. ಹಿಂದೆ ಊರಿಗೆ ಊರೇ ಚಕ್ಕಡಿಯಲ್ಲಿ ಕೌದಿ ಹೇರಿಕೊಂಡು ಹಳ್ಳಕ್ಕೆ ಹೋಗುತ್ತಿತ್ತು. ನೆನೆದ ಕೌದಿಯನ್ನು ಒಬ್ಬರು ಎತ್ತುವುದು ಸಾಧ್ಯವಿಲ್ಲ. ಕಾಲಿನಿಂದ ತುಳಿದು, ಇಬ್ಬರು ಎರಡು ತುದಿ ಹಿಡಿದು ಹಿಂಡಿ, ಬಂಡೆಯ ಮೇಲೆ ಹರವುತ್ತಿದ್ದರು. ನಮ್ಮ ಮನೆಯ ಮಷೀನು ಒಂದು ಚಾದರಕ್ಕೇ ಗುಡುಗುತ್ತದೆ, ಇದನ್ನು ಹಾಕಿದರೆ ತಿರುಗುವುದಿಲ್ಲ. ಮಾಳಿಗೆಯ ಮೇಲೆ ಅಷ್ಟು ನೀರಿಲ್ಲ. ಹಳ್ಳದಲ್ಲಿ ನೀರಿದೆ, ಆದರೆ ಅದರಲ್ಲಿ ಈಗ ಊರಿನ ಗಟಾರದ ಪಾಲೂ ಇದೆ. ಅಕ್ಕ ನವಲಗುಂದಕ್ಕೆ ಹೊರಡುವಾಗ ಹೇಳಿಹೋಗಿದ್ದಾಳೆ, ಹೊಲಿದವರು ಯಾರೋ ತುಳಿಯುವವರೂ ಅವರೇ ಎಂದು. ಹೆಂಡತಿ ಆ ಮಾತನ್ನು ಕ್ಯಾಲೆಂಡರಿನ ಅಮಾವಾಸ್ಯೆಯ ಮನೆಯಲ್ಲಿ ಬರೆದಿಟ್ಟಿದ್ದಾಳೆ. ನಾನು ಸದ್ಯಕ್ಕೆ ಬಚ್ಚಲುಮನೆಯ ಅಳತೆ ತೆಗೆಯುತ್ತಿದ್ದೇನೆ.